ಫೋಟೋ ಮಕ್ಕಳು, ಫೀಸು ಮಕ್ಕಳು

ಗಂಡಸಿ ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಳಿದವರು ಒಂದು ಗಳಿಗೆ ತಲೆ ಎತ್ತಿ ನೋಡಿ. ಕಂಬಕ್ಕೆ ಕಟ್ಟಿದ ಫ್ಲೆಕ್ಸಿನಲ್ಲಿ ಹತ್ತು ವರ್ಷದ ಮಕ್ಕಳು ನಿಮ್ಮನ್ನು ನೋಡಿ ನಗ್ತಾವೆ. ಎಣ್ಣೆ ಹಚ್ಚಿ ಬಾಚಿದ ತಲೆ, ಎರವಲು ತಂದ ಟೈ, ಎದೆ ಕೆಳಗೆ ರಿಜಿಸ್ಟರ್ ನಂಬರು. "ನವೋದಯಕ್ಕೆ ಆಯ್ಕೆ", "ಮೊರಾರ್ಜಿಗೆ ಆಯ್ಕೆ". ಅಡಿಯಲ್ಲಿ ಫೋನ್ ನಂಬರು, "ಪ್ರವೇಶ ಆರಂಭವಾಗಿದೆ, ಸೀಟುಗಳು ಕೆಲವೇ". ಎಲೆಕ್ಷನ್ ಕಾಲದಲ್ಲಿ ಧಣಿಗಳು ಕೈಮುಗಿದು ನಿಲ್ಲುವ ಜಾಗ ಅದು. ಮಿಕ್ಕ ಕಾಲದಲ್ಲಿ ಅದನ್ನು ಐದನೇ ಕ್ಲಾಸಿನ ಮಕ್ಕಳಿಗೆ ಬಿಟ್ಟುಕೊಟ್ಟವ್ರೆ.

ಗೆಳೆಯರೇ, ನಗುವ ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಅವರು ಓದಿದ್ದು ನಿಜ, ಗೆದ್ದದ್ದೂ ನಿಜ. ನಾನು ಕೇಳುವುದು ಫ್ಲೆಕ್ಸಿನಲ್ಲಿ ಇಲ್ಲದ ಮಕ್ಕಳ ಸಂಗತಿ. ಅದೇ ಕೋಣೆಯಲ್ಲಿ, ಅದೇ ಚಾಪೆ ಮೇಲೆ, ಫೀಸು ಕಟ್ಟಿ ಕೂತಿದ್ದವರು ಎಲ್ಲಿ ಹೋದರು? ಅವರಿಗೆ ಪಾಠ ಹೇಳಿದವನು ಯಾರು? ಪಾಠ ಹೇಳಿದವನು ನಾನೇ. ಅದಕ್ಕೇ ಈ ಬರಹ.

ನಾನು ಬಿ.ಎ. ಮಾಡಿದವನು. ಇತಿಹಾಸ, ಅರ್ಥಶಾಸ್ತ್ರ, ಕನ್ನಡ. ಪದ್ಯ ಬರೀತೀನಿ. ಪದ್ಯ ಹೊಟ್ಟೆ ತುಂಬಿಸಲ್ಲ ಅಂತ ನಮ್ಮವ್ವ ದಿನಾ ಹೇಳ್ತಾಳೆ; ಅವಳ ಮಾತು ನನ್ನ ಪದ್ಯಕ್ಕಿಂತ ಗಟ್ಟಿ. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಎಂ.ಎ. ಕಟ್ಟಿದೀನಿ. ಹಗಲು ಎಫ್.ಡಿ.ಎ., ಎಸ್.ಡಿ.ಎ. ಪುಸ್ತಕ ಹಿಡಿದು ಕೂರ್ತೀನಿ. ಅರ್ಜಿ ಫೀಸಿಗೆ, ಬಸ್ ಚಾರ್ಜಿಗೆ, ಜೆರಾಕ್ಸಿಗೆ ಅವ್ವನ ಕೂಲಿ ದುಡ್ಡು ಕೇಳಕ್ಕೆ ನಾಚಿಕೆಯಾಗಿ ಒಂದು ಪೇಟೆಯ ಕೋಚಿಂಗ್ ಸೆಂಟರಿಗೆ ಹೋದೆ. ಪೇಟೆ ಹೆಸರು ಹೇಳಲ್ಲ, ಸೆಂಟರಿನ ಹೆಸರೂ ಹೇಳಲ್ಲ. ಒಬ್ಬನ ಹೆಸರು ಹೇಳಿದರೆ ಮಿಕ್ಕವರೆಲ್ಲ ಸಾಚಾ ಆಗಿಬಿಡ್ತಾರೆ.

ಸೆಂಟರಿನ ಧಣಿ ಕೇಳಿದ ಮೊದಲನೇ ಪ್ರಶ್ನೆ: "ಯಾವೂರು?" ಎರಡನೇದು: "ಊರಲ್ಲಿ ಯಾವ ಕಡೆ ಮನೆ?" ಲೆಕ್ಕ ಬರ್ತದಾ, ಮಕ್ಕಳಿಗೆ ಹೇಳಿಕೊಡಕ್ಕೆ ಬರ್ತದಾ ಅನ್ನೋದು ಮೂರನೇದು. ಯಾವ ಕಡೆ ಅಂತ ಹೇಳಿದೆ. ಆತ ಒಳ್ಳೆಯವನ ಹಾಗೆ ನಕ್ಕು, "ನಮ್ಮಲ್ಲಿ ಅದೆಲ್ಲ ಇಲ್ಲಪ್ಪ. ಆದ್ರೆ ಪೇರೆಂಟ್ಸ್ ಕೇಳಿದ್ರೆ ನೀನಾಗಿ ಏನೂ ಹೇಳಕ್ಕೆ ಹೋಗಬೇಡ" ಅಂದ. ತಿಂಗಳಿಗೆ ಆರು ಸಾವಿರ. ಸಾಯಂಕಾಲ ಐದರಿಂದ ಎಂಟು, ಭಾನುವಾರ ಇಡೀ ದಿನ. ಹೂಂ ಅಂದೆ. ಜಾತಿ ಮುಚ್ಚಿಟ್ಟುಕೊಂಡು ಬುದ್ಧಿ ಮಾರುವ ಕೆಲಸಕ್ಕೆ ಅವತ್ತು ಹೂಂ ಅಂದವನು ನಾನು. ನನ್ನಂಥವರು ಈ ಜಿಲ್ಲೆಯಲ್ಲಿ ಎಷ್ಟೋ ಜನ ಇದ್ದೀರಿ. ನಿಮ್ಮ ಜತೆಗೇ ಈ ಮಾತು.

ಟ್ಯೂಷನ್ ಹೇಳೋದು ನಾಚಿಕೆಗೇಡು ಅಂತ ನಾನು ಹೇಳ್ತಾ ಇಲ್ಲ. ಕೂಲಿಯ ಮನೆಯಲ್ಲಿ ಹುಟ್ಟಿದವನಿಗೆ ಯಾವ ದುಡಿಮೆಯೂ ನಾಚಿಕೆ ಅಲ್ಲ. ಬಾಬಾಸಾಹೇಬರೇ ಟ್ಯೂಷನ್ ಹೇಳಿದವರು. ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಓದಿ 1917ರಲ್ಲಿ ಬರೋಡಾದ ಕೆಲಸಕ್ಕೆ ಬಂದರೆ ಅಲ್ಲಿ ಉಳಿಯಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಛತ್ರದಿಂದ ದೊಣ್ಣೆ ಹಿಡಿದು ಬಂದವರು ಹೊರಗೆ ಹಾಕಿದರು. ಮುಂಬಯಿಗೆ ವಾಪಸ್ ಬಂದು ಸಂಸಾರ ಸಾಕಲು ಖಾಸಗಿ ಪಾಠ ಹೇಳಿದರು, ಲೆಕ್ಕಪತ್ರ ಬರೆದರು, ಹಣ ಹೂಡುವವರಿಗೆ ಸಲಹೆ ಕೊಡುವ ವ್ಯವಹಾರ ತೆರೆದರು. ಸಲಹೆ ಕೊಡುವವನು ಅಸ್ಪೃಶ್ಯ ಅಂತ ಗೊತ್ತಾದ ಮೇಲೆ ಗಿರಾಕಿಗಳು ಬರೋದು ನಿಂತುಹೋಯಿತು. 1918ರಲ್ಲಿ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರೊಫೆಸರ್ ಆದರು. "ಯಾವ ಕಡೆ ಮನೆ" ಅನ್ನುವ ಪ್ರಶ್ನೆಗೆ ನೂರು ವರ್ಷ ದಾಟಿದೆ ಅನ್ನೋದನ್ನು ಮಾತ್ರ ನೆನಪಿಟ್ಟುಕೊಳ್ಳಿ.

ಹಾಗಾದರೆ ನನ್ನ ತಕರಾರು ಏನು? ಪಾಠ ಮಾರುವುದರ ಮೇಲೆ ಅಲ್ಲ. ಸುಳ್ಳು ಮಾರುವುದರ ಮೇಲೆ. ಆ ಸುಳ್ಳನ್ನು ಮಾರಕ್ಕೆ ನಮ್ಮನ್ನೇ ಕೂಲಿಗೆ ಹಿಡಿಯೋದರ ಮೇಲೆ.

ಈ ಪರೀಕ್ಷೆ ಹೇಗೈತೆ ಅಂತ ಮೊದಲು ನೋಡಿ. ನವೋದಯ ವಿದ್ಯಾಲಯ ಅಂದರೆ 1986ರ ಶಿಕ್ಷಣ ನೀತಿಯಿಂದ ದೇಶಕ್ಕೆಲ್ಲ ಹಬ್ಬಿದ ಕೇಂದ್ರ ಸರ್ಕಾರದ ವಸತಿ ಶಾಲೆ. ಊಟ, ವಸತಿ, ಬಟ್ಟೆ, ಪುಸ್ತಕ ಎಲ್ಲ ಪುಕ್ಕಟೆ. ಹಳ್ಳಿಯ ಪ್ರತಿಭೆಗೆ ಅಂತಲೇ ಮಾಡಿದ್ದು. ನೂರಕ್ಕೆ 75 ಸೀಟು ಹಳ್ಳಿ ಮಕ್ಕಳಿಗೆ. ನಮ್ಮ ಹಾಸನ ಜಿಲ್ಲೆಯ ನವೋದಯ ಮಾವಿನಕೆರೆಯಲ್ಲಿದೆ. ಆರನೇ ಕ್ಲಾಸಿಗೆ ಹೆಚ್ಚೆಂದರೆ 80 ಸೀಟು. ಅರಸೀಕೆರೆ, ಬೇಲೂರು, ಸಕಲೇಶಪುರ, ಅರಕಲಗೂಡು, ಎಲ್ಲ ಸೇರಿ ಎಂಟು ತಾಲ್ಲೂಕಿಗೆ 80. ತಾಲ್ಲೂಕಿಗೆ ಸರಾಸರಿ ಹತ್ತು ಮಕ್ಕಳು. ಪರೀಕ್ಷೆ ಬರೆಯುವ ಅವಕಾಶ ಜೀವಮಾನದಲ್ಲಿ ಒಂದೇ ಸಲ, ಐದನೇ ಕ್ಲಾಸಿನಲ್ಲಿ.

ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಒಂದು ಪ್ರಶ್ನೆಗೆ ಒಂದೂವರೆ ನಿಮಿಷ, ಒಂದೂಕಾಲು ಅಂಕ. ಗಣಿತಕ್ಕೆ 25 ಅಂಕ, ಭಾಷೆಗೆ 25. ಮಿಕ್ಕ 50 ಅಂಕ, ಅಂದರೆ ಅರ್ಧಕ್ಕರ್ಧ, "ಮಾನಸಿಕ ಸಾಮರ್ಥ್ಯ" ಅನ್ನೋದಕ್ಕೆ. ಅದರಲ್ಲಿ ಬರುವುದೇನು? ನಾಲ್ಕು ಚಿತ್ರದಲ್ಲಿ ಬೇರೆ ಯಾವುದು. ಕನ್ನಡಿಯಲ್ಲಿ ಈ ಆಕಾರ ಹೇಗೆ ಕಾಣುತ್ತೆ. ಕಾಗದ ಮಡಿಸಿ ತೂತು ಹೊಡೆದು ಬಿಚ್ಚಿದರೆ ತೂತುಗಳು ಎಲ್ಲೆಲ್ಲಿ ಬೀಳ್ತವೆ. ಸರ್ಕಾರಿ ಶಾಲೆಯ ಐದನೇ ಕ್ಲಾಸಿನ ಪುಸ್ತಕದಲ್ಲಿ ಇದನ್ನು ಹೇಳಿಕೊಡುವ ಪಾಠ ಎಲ್ಲೈತೆ ತೋರಿಸಿ. ಮಗುವಿನ ಹುಟ್ಟು ಬುದ್ಧಿ ಅಳೆಯಕ್ಕೆ ಈ ಪ್ರಶ್ನೆ ಅಂತಾರೆ. ಎಂಟು ತಿಂಗಳು ಇದೇ ಪಾಠ ಹೇಳಿದವನು ನಾನು ಹೇಳ್ತೀನಿ: ಇಡೀ ಪರೀಕ್ಷೆಯಲ್ಲಿ ಬಾಯಿಪಾಠಕ್ಕೆ ಅತಿ ಸುಲಭವಾಗಿ ಸಿಗೋದೇ ಇದು. ಅಂಥ ಐನೂರು ಚಿತ್ರ ಕಂಡ ಮಗು ಅರ್ಧ ನಿಮಿಷಕ್ಕೆ ಉತ್ತರ ತುಂಬುತ್ತೆ. ಮೊದಲನೇ ಸಲ ಕಂಡ ಮಗು ಪೆನ್ನು ಕಚ್ಚಿಕೊಂಡು ಕೂರುತ್ತೆ. ಕಂಡ ಮಗುವಿಗೆ ಪ್ರತಿಭೆ ಅಂತ ಹೆಸರು, ಕಾಣದ ಮಗುವಿಗೆ ದಡ್ಡ ಅಂತ ಹೆಸರು. ಅದು ಅಳೆದದ್ದು ಮಗುವಿನ ತಲೆ ಅಲ್ಲ ಕಣ್ರಯ್ಯಾ, ಅಪ್ಪನ ಜೇಬು.

ಹಳ್ಳಿ ಮಕ್ಕಳ ಸೀಟಿಗೂ ದಾರಿ ಹುಡುಕವ್ರೆ. ಮೂರು, ನಾಲ್ಕು, ಐದನೇ ಕ್ಲಾಸು ಹಳ್ಳಿ ಶಾಲೆಯಲ್ಲಿ ಓದಿರಬೇಕು ಅಂತ ನಿಯಮ. ನಾನು ಕಂಡ ಕೆಲವು ಮಕ್ಕಳ ಹೆಸರು ಹಳ್ಳಿ ಶಾಲೆಯ ಹಾಜರಿ ಪುಸ್ತಕದಲ್ಲಿ, ಮೈ ಮಾತ್ರ ಪೇಟೆಯ ಕೋಚಿಂಗ್ ಕೋಣೆಯಲ್ಲಿ. ನಿಯಮವೂ ಮುರಿಯಲಿಲ್ಲ, ಹಳ್ಳಿಯೂ ಉದ್ಧಾರ ಆಯ್ತು!

ಈಗ ಕೋಣೆ ಒಳಗೆ ಬನ್ನಿ. ನಮ್ಮಲ್ಲಿ 42 ಮಕ್ಕಳು. ತಿಂಗಳಿಗೆ 1,500 ಫೀಸು. ಪ್ರತಿ ಭಾನುವಾರ ಮಾದರಿ ಪರೀಕ್ಷೆ. ಎರಡು ತಿಂಗಳು ಕಳೆದರೆ ಯಾರು ಪಾಸಾಗ್ತಾರೆ, ಯಾರು ಇಲ್ಲ ಅನ್ನೋದು ಪಾಠ ಹೇಳುವವನಿಗೆ ಅಂಗೈ ಗೆರೆಯ ಹಾಗೆ ಕಾಣುತ್ತೆ. ಒಂದು ದಿನ ಧಣಿ ಅಂಕದ ಪುಸ್ತಕ ತರಿಸಿದ. ಒಂಬತ್ತು ಹೆಸರಿಗೆ ಕೆಂಪು ಗೆರೆ ಎಳೆದ. "ಇವು ಫೋಟೋಗೆ. ಇವರಿಗೆ ಟೈಮ್ ಕೊಡು, ಮುಂದೆ ಕೂರಿಸು." ನಾನು ಕೇಳಿದೆ, "ಮಿಕ್ಕವು ಸಾರ್?" ಆತ ಪುಸ್ತಕ ಮಡಿಸಿ ಹೇಳಿದ, "ಅವು ಬಾಡಿಗೆಗೆ."

ಬಾಡಿಗೆಗೆ! ಕಟ್ಟಡದ ಬಾಡಿಗೆ, ಕರೆಂಟು ಬಿಲ್ಲು, ಫ್ಲೆಕ್ಸಿನ ಖರ್ಚು. ಲೆಕ್ಕ ಹಾಕುತ್ತಾ ಬಂದಾಗ ಮೈ ಜುಂ ಅಂದ ಮಾತು ಒಂದೈತೆ. ನನ್ನ ಆರು ಸಾವಿರವೂ ಅದರಲ್ಲೇ ಸೇರಿತ್ತು. ನನಗೆ ಸಂಬಳ ಕೊಟ್ಟವರು ಗೆಲ್ಲುವ ಒಂಬತ್ತು ಮಕ್ಕಳಲ್ಲ. ಗೆಲ್ಲಲ್ಲ ಅಂತ ನನಗೆ ಗೊತ್ತಿದ್ದ 33 ಮಕ್ಕಳು.

ಆ ಒಂಬತ್ತರಲ್ಲಿ ಒಬ್ಬಳು ನಮ್ಮ ಕೇರಿಯಂಥದೇ ಒಂದು ಕೇರಿಯ ಹುಡುಗಿ. ಎರಡು ತಿಂಗಳು ಫೀಸು ಕಟ್ಟಿ ಮೂರನೇ ತಿಂಗಳು ಕಟ್ಟಕ್ಕಾಗದೆ ಬರೋದು ನಿಲ್ಲಿಸಿದಳು. ಧಣಿ ತಾನೇ ಬೈಕಿನಲ್ಲಿ ಹೋಗಿ ಕರಕೊಂಡು ಬಂದ. "ಫೀಸು ಬೇಡಮ್ಮ, ಬಾ." ಅವಳ ತಾಯಿ ದೇವರು ಕಂಡ ಹಾಗೆ ಕೈಮುಗಿದಳು. ದೇವರಲ್ಲ ತಾಯೀ, ಅವನಿಗೆ ಬೇಕಾಗಿದ್ದು ನಿನ್ನ ಮಗಳ ಫೋಟೋ. ಹುಡುಗಿ ಆಯ್ಕೆ ಆದಳು, ನನಗೂ ಕಣ್ಣಲ್ಲಿ ನೀರು ಬಂತು. ಆದರೆ ಅವಳ ಫೋಟೋ ಕಂಬಕ್ಕೆ ಏರಿದಾಗ ಇನ್ನೊಂದು ಕೇರಿಯ ಇನ್ನೊಬ್ಬ ತಾಯಿ ಅದನ್ನು ನೋಡಿ, "ನಮ್ಮವರ ಮಗೀನೇ ಆಗೈತೆ, ನಮ್ಮದೂ ಆಗ್ತದೆ" ಅಂತ ಓಲೆ ಅಡ ಇಟ್ಟು ಫೀಸು ಕಟ್ಟಿದಳು. ಒಂದು ಮಗುವನ್ನು ಪುಕ್ಕಟೆ ಓದಿಸಿ ಹತ್ತು ಮಕ್ಕಳ ಫೀಸು ಎತ್ತುವ ಉಪಾಯ ಇದು. ಗೆದ್ದ ದಲಿತ ಮಗುವನ್ನೇ ಸೋಲುವ ದಲಿತ ಮಕ್ಕಳಿಗೆ ಗಾಳ ಮಾಡವ್ರೆ.

ಇನ್ನು 33ರಲ್ಲಿ ಒಬ್ಬ ಹುಡುಗ. ಅವನಪ್ಪ ತೋಟದಿಂದ ತೋಟಕ್ಕೆ ಹೋಗಿ ತೆಂಗಿನಕಾಯಿ ಸುಲಿಯುವವನು. ಅರಸೀಕೆರೆ, ತಿಪಟೂರಿನ ಕೊಬ್ಬರಿ ಪೇಟೆ ದೇಶಕ್ಕೇ ಹೆಸರುವಾಸಿ. ಆ ಕೊಬ್ಬರಿಯ ಸಿಪ್ಪೆ ಬಿಡಿಸಿದ ಅಂಗೈ ಯಾರದು ಅಂತ ಯಾವ ಪರೀಕ್ಷೆಯೂ ಕೇಳಲ್ಲ. ಹುಡುಗ ರಾಶಿ ನೋಡಿ ಕಾಯಿ ಎಷ್ಟು ಅಂತ ಅಂದಾಜು ಹೇಳ್ತಿದ್ದ. ಸಾವಿರಕ್ಕೆ ಇಷ್ಟಾದರೆ ಅಪ್ಪನ ವಾರದ ಕೂಲಿ ಎಷ್ಟು ಅಂತ ನನಗಿಂತ ಮೊದಲೇ ಬಾಯಲ್ಲಿ ಲೆಕ್ಕ ಮಾಡ್ತಿದ್ದ. ಆದರೆ ಕನ್ನಡಿ ಬಿಂಬ ಬಂದರೆ ತಡಬಡಿಸೋನು. ಮಾದರಿ ಪರೀಕ್ಷೆಯಲ್ಲಿ 80ಕ್ಕೆ 25 ಸರಿ, 31.25 ಅಂಕ, ಅದಕ್ಕಿಂತ ಮೇಲೆ ಏರಲಿಲ್ಲ. ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿಕೊಡಬೇಕಾಗಿತ್ತು. ನನ್ನ ಟೈಮು ಫೋಟೋ ಮಕ್ಕಳಿಗೆ ಬರೆದಾಗಿತ್ತು.

ಐದನೇ ತಿಂಗಳು ಅವನಪ್ಪ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. "ಮೇಷ್ಟ್ರೇ, ನಮ್ ಉಡುಗ ಆಯ್ತನಾ?" ಅಂದ. ನನಗೆ ಗೊತ್ತಿತ್ತು. ನಾಲಿಗೆ ಏನು ಹೇಳ್ತು? "ಪ್ರಯತ್ನ ಮಾಡ್ತಾವ್ನೆ ಕಣಣ್ಣ, ಇನ್ನೂ ಟೈಮ್ ಐತೆ." ಆತ ಇನ್ನೂ ಮೂರು ತಿಂಗಳು ಫೀಸು ಕಟ್ಟಿದ. ನಾಲ್ಕೂವರೆ ಸಾವಿರ. ಸಾಹುಕಾರ ಹೆಬ್ಬೆಟ್ಟು ಒತ್ತಿಸಿಕೊಂಡು ನಮ್ಮ ತಾತಂದಿರನ್ನು ಜೀತಕ್ಕೆ ಹಾಕಿಕೊಂಡದ್ದಕ್ಕೂ, ಓದಿದ ಮೊಮ್ಮಗ ನಗುನಗುತ್ತಾ ಹೇಳಿದ ಈ ಒಂದು ಸುಳ್ಳಿಗೂ ಎಷ್ಟು ದೂರ? ನೀವೇ ಅಳೆಯಿರಿ.

ಇದು ಹತ್ತು ವರ್ಷದ ಮಕ್ಕಳ ಕತೆ ಮಾತ್ರ ಅಂದುಕೊಳ್ಳಬೇಡಿ. ಇದೇ ಬಾಗಿಲು ಮುಂದೆ ನೀಟ್ ಅಂತ, ಸಿ.ಇ.ಟಿ. ಅಂತ, ಕೊನೆಗೆ ಕೆ.ಪಿ.ಎಸ್.ಸಿ. ಅಂತ ಹೆಸರು ಬದಲಾಯಿಸಿಕೊಂಡು ನಿಲ್ಲುತ್ತೆ. ಹಗಲು ನಾನು ಬರೆಯುವ ಪರೀಕ್ಷೆಗೂ ಸಂಜೆ ನಾನು ಹೇಳುವ ಪಾಠಕ್ಕೂ ಒಂದೇ ಜಾತಕ. ಎಲ್ಲ ಬಾಗಿಲಿನ ಮೇಲೂ ಒಂದೇ ಬೋರ್ಡು: ಮೆರಿಟ್.

ಈ ಮೆರಿಟ್ಟಿನ ಮಾತು ಹೊಸದೇನಲ್ಲ. 1918ರಲ್ಲಿ ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ಕೂರಿಸಿದರು, ಬ್ರಾಹ್ಮಣೇತರರಿಗೂ ಸರ್ಕಾರಿ ಕೆಲಸದಲ್ಲಿ ಪಾಲು ಬೇಕು ಅಂತ. ಅವತ್ತೂ "ದಕ್ಷತೆ ಕೆಡುತ್ತೆ" ಅಂದವರಿದ್ದರು. ಅವರ ಮೊಮ್ಮಕ್ಕಳು ಇವತ್ತು "ಮೆರಿಟ್ ಕೆಡುತ್ತೆ" ಅಂತಾರೆ. ಇರಲಿ, ಅವರ ಮೆರಿಟ್ಟು ನೋಡೋಣ ಬನ್ನಿ. 2021ರ ಅಕ್ಟೋಬರಿನಲ್ಲಿ 545 ಪಿ.ಎಸ್.ಐ. ಹುದ್ದೆಗೆ ಪರೀಕ್ಷೆ ನಡೀತು. ಐವತ್ತು ಸಾವಿರಕ್ಕೂ ಹೆಚ್ಚು ಹುಡುಗ ಹುಡುಗಿಯರು ಬರೆದರು. ಆಮೇಲೆ ನೋಡಿದರೆ ಓ.ಎಂ.ಆರ್. ಹಾಳೆ ತಿದ್ದಿದ ಆರೋಪ, ಬ್ಲೂಟೂತಿನಲ್ಲಿ ಉತ್ತರ ಹೇಳಿದ ಆರೋಪ. 2022ರಲ್ಲಿ ನೇಮಕಾತಿ ವಿಭಾಗದ ಎ.ಡಿ.ಜಿ.ಪಿ. ಆಗಿದ್ದವರನ್ನೇ ಸಿ.ಐ.ಡಿ. ಬಂಧಿಸಿತು. ಪರೀಕ್ಷೆ ರದ್ದಾಗಿ ಮತ್ತೆ ನಡೆದದ್ದು 2024ರ ಜನವರಿಯಲ್ಲಿ. ಆ ನಡುವೆ ಕೂಲಿ ಮನೆಯ ಎಷ್ಟು ಮಕ್ಕಳ ವಯಸ್ಸು, ಎಷ್ಟು ತಾಯಂದಿರ ಓಲೆ ಕರಗಿ ಹೋಯ್ತು? ಪರೀಕ್ಷೆ ಮಾರಾಟವಾದರೆ ಹಗರಣ. ಪರೀಕ್ಷೆಯ ಪಾಠ ಮಾರಾಟವಾದರೆ ಪ್ರತಿಭೆ. ಎರಡರಲ್ಲೂ ದುಡ್ಡಿದ್ದವನು ಮುಂದೆ, ಇಲ್ಲದವನು ಹಿಂದೆ.

ಭಾಷೆಯ ಕತೆಯೂ ಕೇಳಿ. ನಾನು ಮಕ್ಕಳಿಗೆ ಹೇಳಿಕೊಡುತ್ತಿದ್ದ ಪ್ರಶ್ನೆಗಳಲ್ಲಿ ಒಂದು: ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದಾದ ಹಲ್ಮಿಡಿ ಶಾಸನ ಸಿಕ್ಕಿದ್ದು ಯಾವ ಜಿಲ್ಲೆಯಲ್ಲಿ? ಉತ್ತರ: ಹಾಸನ, ನಮ್ಮ ಬೇಲೂರು ತಾಲ್ಲೂಕು. ಕೇರಿ ಮಕ್ಕಳು ಹೆಮ್ಮೆಯಿಂದ ಕೂಗಿ ಹೇಳೋವು. ಆ ಮಕ್ಕಳಿಗೆ ನಾನು ಹೇಳದೆ ಬಿಟ್ಟ ಮಾತು ಇದು: 2024ರ ಆಗಸ್ಟ್ 27ರಂದು ಕೆ.ಪಿ.ಎಸ್.ಸಿ. 384 ಗೆಜೆಟೆಡ್ ಹುದ್ದೆಗೆ ನಡೆಸಿದ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಪತ್ರಿಕೆ ಕನ್ನಡದವರಿಗೇ ತಿಳಿಯದ ಹಾಗಿತ್ತು. ಇಂಗ್ಲಿಷಿನಿಂದ ಅನುವಾದ, ತಪ್ಪಿನ ಮೇಲೆ ತಪ್ಪು. ಜನ ಬೀದಿಗಿಳಿದರು, ಸರ್ಕಾರ ಮರುಪರೀಕ್ಷೆ ಅಂದಿತು. ಡಿಸೆಂಬರ್ 29ರಂದು ಮತ್ತೆ ಬರೆಸಿದರು. ಮತ್ತೆ ಅನುವಾದದ ತಪ್ಪು! ಇಂಗ್ಲಿಷ್ ಬಲ್ಲವನಿಗೆ ಪಕ್ಕದಲ್ಲೇ ಮೂಲ ಇತ್ತು, ಓದಿಕೊಂಡು ಬರೆದ. ಕನ್ನಡ ಶಾಲೆಯಲ್ಲಿ ಓದಿದ ಕೂಲಿ ಮನೆ ಹುಡುಗಿ ಪ್ರಶ್ನೆ ಏನಂತಲೇ ಅರ್ಥವಾಗದೆ ಕೂತಳು. ಕನ್ನಡ ನಾಡಿನಲ್ಲಿ, ಕನ್ನಡದ ಸರ್ಕಾರ, ಕನ್ನಡದ ಮಕ್ಕಳನ್ನು ಕನ್ನಡದಿಂದಲೇ ಫೇಲು ಮಾಡಿತು. ಇದಕ್ಕೂ ಮೆರಿಟ್ ಅಂತ ಹೆಸರು.

ಸರ್ಕಾರ ಸುಮ್ಮನೆ ಕೂತಿಲ್ಲ, ಕಾಗದ ಬರೀತಾನೇ ಐತೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಶಿಕ್ಷಕರು ಖಾಸಗಿ ಪಾಠ ಹೇಳಬಾರದು ಅಂತ ಹೇಳಿತು. ಒಳ್ಳೇದೇ. ಹಾಗಾದರೆ ಸೆಂಟರುಗಳಿಗೆ ಪಾಠ ಹೇಳುವವರು ಯಾರು? ಕೆಲಸವಿಲ್ಲದ ಬಿ.ಎ.ಗಳು, ಅಗ್ಗದ ನಾವು! 2024ರ ಜನವರಿಯಲ್ಲಿ ಕೇಂದ್ರದ ಶಿಕ್ಷಣ ಇಲಾಖೆ ಕೋಚಿಂಗ್ ಸೆಂಟರಿಗೆ ಮಾರ್ಗಸೂಚಿ ತಂತು. 16 ವರ್ಷಕ್ಕಿಂತ ಚಿಕ್ಕವರನ್ನು ಸೇರಿಸಿಕೊಳ್ಳಬಾರದು, ರ‍್ಯಾಂಕಿನ ಆಸೆ ತೋರಿಸಬಾರದು, ಸುಳ್ಳು ಜಾಹೀರಾತು ಕೊಡಬಾರದು. ಬಹಳ ಚೆನ್ನಾಗೈತೆ. ಆದರೆ ಕೋಚಿಂಗ್ ಸೆಂಟರ್ ಅಂದರೆ 50ಕ್ಕಿಂತ ಹೆಚ್ಚು ಮಕ್ಕಳು ಇರುವುದು ಅಂತ ಅದೇ ಕಾಗದ ಹೇಳುತ್ತೆ. ನಮ್ಮ ಧಣಿ 42ಕ್ಕೆ ಯಾಕೆ ನಿಲ್ಲಿಸಿದ್ದ ಅಂತ ನಾನು ಕೇಳಲಿಲ್ಲ. ಹತ್ತು ವರ್ಷದ ಮಗು ಸಂಜೆ ಎಂಟರ ತನಕ ತೂಕಡಿಸುತ್ತಾ ಕೂತಿದ್ದನ್ನು ಕೇಳೋರು ಯಾರೂ ಬರಲಿಲ್ಲ. ಮಡಿಸಿದ ಕಾಗದದಲ್ಲಿ ತೂತು ಎಲ್ಲಿ ಬೀಳುತ್ತೆ ಅಂತ ಮಕ್ಕಳನ್ನು ಕೇಳ್ತಾರೆ. ಕಾನೂನಿನ ಕಾಗದದಲ್ಲಿ ತೂತು ಎಲ್ಲೈತೆ ಅಂತ ಧಣಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸಮಾಜ ಕಲ್ಯಾಣ ಇಲಾಖೆ ನಮ್ಮ ಹುಡುಗರಿಗೆ ಐ.ಎ.ಎಸ್., ಕೆ.ಎ.ಎಸ್. ಪರೀಕ್ಷೆಗೆ ಪುಕ್ಕಟೆ ತರಬೇತಿ ಕೊಡಿಸುತ್ತೆ, ನಿಜ. ಆ ತರಬೇತಿಗೆ ಸೇರಕ್ಕೂ ಒಂದು ಪ್ರವೇಶ ಪರೀಕ್ಷೆ! ಬಾವಿಗೆ ಇಳಿಯಕ್ಕೆ ಹಗ್ಗ ಕೊಡ್ತೀವಿ, ಹಗ್ಗ ಬಾವಿ ತಳದಲ್ಲೈತೆ ಅಂದ ಹಾಗೆ.

ಇಲ್ಲಿ ಕೆಲವು ಗೆಳೆಯರು ಎದ್ದು ನಿಲ್ತಾರೆ. "ಹಾಗಾದ್ರೆ ನಮ್ಮ ಮಕ್ಕಳು ಪರೀಕ್ಷೆ ಬರೀಬಾರದಾ? ನವೋದಯಕ್ಕೆ, ಮೊರಾರ್ಜಿಗೆ, ಅಂಬೇಡ್ಕರ್ ವಸತಿ ಶಾಲೆಗೆ ಹೋಗಬಾರದಾ? ಮೇಲ್ಜಾತಿ ಮಕ್ಕಳಿಗೆ ಬಿಟ್ಟುಬಿಡೋಣವಾ?" ಬಿಡಬೇಡಿ. ಒಂದು ಸೀಟೂ ಬಿಡಬೇಡಿ. ಹಾಸ್ಟೆಲ್ಲಿನ ಮುದ್ದೆ ತಿಂದು ಓದದಿದ್ದರೆ ನಾನು ಈ ನಾಲ್ಕು ಸಾಲು ಬರೆಯುತ್ತಿರಲಿಲ್ಲ. ಪರೀಕ್ಷೆ ಅನ್ಯಾಯದ್ದು ಅಂತ ಗೊತ್ತಿದ್ದೂ ಬರೆಯಬೇಕು, ಗೆಲ್ಲಬೇಕು. ಆದರೆ ಗೆದ್ದದ್ದಕ್ಕೆ ಅನ್ಯಾಯ ನ್ಯಾಯ ಆಗಲ್ಲ. ಜಿಲ್ಲೆಗೆ 80 ಮಕ್ಕಳಿಗೆ ಒಳ್ಳೆಯ ಶಾಲೆ ಕೊಟ್ಟು ಮಿಕ್ಕ ಸಾವಿರಾರು ಮಕ್ಕಳಿಗೆ ಸೋರುವ ಮಾಡು, ಇಲ್ಲದ ಮೇಷ್ಟ್ರನ್ನು ಕೊಟ್ಟ ವ್ಯವಸ್ಥೆಯನ್ನು, "ನಿನಗೆ ಬುದ್ಧಿ ಕಮ್ಮಿ" ಅಂತ ಮಗುವಿನ ಮೇಲೆ ಹೊರಿಸೋದೇ ಈ ಪರೀಕ್ಷೆಯ ದೊಡ್ಡ ಕೆಲಸ. ಸೋತ ಹುಡುಗ ಸರ್ಕಾರವನ್ನು ಬೈಯಲ್ಲ, ತನ್ನ ತಲೆಯನ್ನು ಬೈಕೋತಾನೆ. ಹಣೆಬರಹ ಅಂತಿದ್ದರು ಹಿಂದೆ. ಈಗ 31.25 ಅಂತಾರೆ. ಪುರೋಹಿತ ಹೋಗಿ ಓ.ಎಂ.ಆರ್. ಬಂತು.

ಇನ್ನು ಕೆಲವರು, ನಮ್ಮ ಹಿರಿಯ ಸಂಗಾತಿಗಳು, ಇನ್ನೊಂದು ಮಾತು ಹೇಳ್ತಾರೆ: "ಹೋರಾಟ ಬಿಟ್ಟು ಟ್ಯೂಷನ್ ಅಂಗಡಿ ಇಟ್ಟವ್ನೆ." ಅಣ್ಣಂದಿರೇ, ಹಸಿದವನಿಗೆ ಘೋಷಣೆ ಊಟ ಆಗಲ್ಲ. ಬಾಬಾಸಾಹೇಬರು 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದಾಗ ಭಾಷಣ ಮಾತ್ರ ಮಾಡಲಿಲ್ಲ, ಹಾಸ್ಟೆಲ್ ತೆರೆದರು, ವಾಚನಾಲಯ ತೆರೆದರು. 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದಾಗ ಹಗಲು ಕೆಲಸಕ್ಕೆ ಹೋಗುವ ಬಡ ಹುಡುಗರಿಗಾಗಿ ಬೆಳಗಿನ ಹೊತ್ತು ಪಾಠ ಇಟ್ಟರು. ದುಡಿಯುವವನ ಹೊತ್ತಿಗೆ ಶಾಲೆ ಬರಬೇಕು ಅಂದವರು ಅವರು. ಪಾಠ ಹೇಳೋದು ಹೋರಾಟಕ್ಕೆ ಹೊರಗಿನದಲ್ಲ. ಯಾರಿಗೆ, ಯಾವ ಬೆಲೆಗೆ, ಏನು ಮುಚ್ಚಿಟ್ಟು ಹೇಳ್ತೀವಿ ಅನ್ನೋದೇ ಪ್ರಶ್ನೆ.

ಎಂಟನೇ ತಿಂಗಳು ಫಲಿತಾಂಶ ಬಂದ ಮೇಲೆ ನಾನು ಕೆಲಸ ಬಿಟ್ಟೆ. ದೊಡ್ಡ ಧೈರ್ಯ ಏನಲ್ಲ, ಆ ವರ್ಷದ ಪಾಠ ಹೇಗೂ ಮುಗಿದಿತ್ತು. ಈಗ ನಮ್ಮ ಕೇರಿಯ ಸಮುದಾಯ ಭವನದಲ್ಲಿ ಸಂಜೆ ಆರರಿಂದ ಏಳೂವರೆ ಮಕ್ಕಳನ್ನು ಕೂರಿಸ್ತೀನಿ. 17 ಮಕ್ಕಳು. ಮಡಿಸಿದ ಕಾಗದದ ಪ್ರಶ್ನೆ ಹೇಳಿಕೊಡಕ್ಕೆ ಪುಸ್ತಕ ಕೊಳ್ಳಲಿಲ್ಲ. ಹಳೇ ನ್ಯೂಸ್ ಪೇಪರ್ ಮಡಿಸಿ, ಕೊಬ್ಬರಿ ಚೀಲ ಹೊಲಿಯುವ ದಬ್ಬಳದಲ್ಲಿ ಮಕ್ಕಳ ಕೈಯಿಂದಲೇ ತೂತು ಹೊಡೆಸಿದೆ. ಬಿಚ್ಚಿ ನೋಡಿ ಕೇಕೆ ಹಾಕಿದವು. ಕೈಯಲ್ಲಿ ಮಾಡಿ ಕಂಡ ಮಗು ಮರೆಯಲ್ಲ. ಕನ್ನಡಿ ಬಿಂಬಕ್ಕೆ ಅವ್ವನ ಮನೆಯ ಒಡಕು ಕನ್ನಡಿ ಸಾಕಾಯ್ತು. ಒಂದು ವಾರದ ಕೆಲಸ. ಇದನ್ನೇ 1,500ಕ್ಕೆ ಮಾರ್ತಾ ಇದ್ದದ್ದು ನಾವು. ಇಷ್ಟನ್ನು ಪ್ರತಿ ಸರ್ಕಾರಿ ಶಾಲೆಯಲ್ಲಿ, ಪ್ರತಿ ಮಗುವಿಗೆ ಹೇಳಿಕೊಡಕ್ಕೆ ಯಾವ ಬ್ರಹ್ಮವಿದ್ಯೆ ಬೇಕು? ಬೇಡ. ಹೇಳಿಕೊಡದೆ ಇರೋದರಲ್ಲೇ ಲಾಭ ಐತೆ, ಅದಕ್ಕೇ ಹೇಳಿಕೊಡಲ್ಲ.

ಪಾಠ ಹೇಳುವ ಗೆಳೆಯರೇ, ನಿಮಗೆ ನಾಲ್ಕು ಮಾತು.

ಒಂದು: ತಂದೆ ತಾಯಿಗೆ ನಿಜ ಹೇಳಿ. ಸೀಟು ಎಷ್ಟು, ಮಗು ಎಲ್ಲೈತೆ ಅಂತ ಮೊದಲನೇ ತಿಂಗಳೇ ಹೇಳಿ. ಫೀಸು ನಿಂತರೆ ನಿಲ್ಲಲಿ.

ಎರಡು: ಹಿಂದೆ ಕೂತ ಮಗುವನ್ನು ಮುಂದೆ ಕರೆಯಿರಿ. ತಾನಾಗಿ ಈಜುವವನಿಗೆ ನೀವು ಬೇಡ, ಮುಳುಗುವವನಿಗೆ ಬೇಕು.

ಮೂರು: ನಿಮ್ಮ ಕೇರಿ ಮುಚ್ಚಿಡಬೇಡಿ. ದಲಿತ ಮೇಷ್ಟ್ರು ಲೆಕ್ಕ ಹೇಳಿಕೊಟ್ಟ ಅಂತ ಎಲ್ಲ ಜಾತಿಯ ಮಕ್ಕಳಿಗೂ ಗೊತ್ತಾಗಲಿ. ಅದೂ ಒಂದು ಪಾಠ.

ನಾಲ್ಕು: ನಿಮ್ಮ ದುಡಿಮೆಗೆ ಕೂಲಿ ಕೇಳಿ, ಆದರೆ ಕೂಲಿಯವನ ಓಲೆಯಿಂದ ಅಲ್ಲ, ಸರ್ಕಾರದಿಂದ ಕೇಳಿ.

ಸರ್ಕಾರಕ್ಕೆ ನಮ್ಮ ಹಕ್ಕೊತ್ತಾಯ ಮೂರು. ಕರ್ನಾಟಕದಲ್ಲಿ 2013ರಿಂದ ಪರಿಶಿಷ್ಟ ಜಾತಿ ಉಪಯೋಜನೆ, ಬುಡಕಟ್ಟು ಉಪಯೋಜನೆಯ ಕಾಯ್ದೆ ಐತೆ; ನಮ್ಮ ಜನಸಂಖ್ಯೆಗೆ ತಕ್ಕ ಹಣ ನಮಗೇ ಖರ್ಚಾಗಬೇಕು ಅನ್ನುವ ಕಾಯ್ದೆ. ಆ ಹಣದಿಂದ ಪ್ರತಿ ಕೇರಿಯ ಭವನದಲ್ಲಿ ಸಂಜೆ ಶಾಲೆ ತೆರೆಯಿರಿ, ಕೆಲಸವಿಲ್ಲದ ಪದವೀಧರರಿಗೆ ಸಂಬಳ ಕೊಡಿ. ವಸತಿ ಶಾಲೆಯ ಪರೀಕ್ಷೆಯಲ್ಲಿ ಕೇಳುವುದನ್ನೆಲ್ಲ ಸರ್ಕಾರಿ ಶಾಲೆಯ ನಾಲ್ಕು, ಐದನೇ ಕ್ಲಾಸಿನಲ್ಲೇ ಕಲಿಸಿ, ಕಲಿಸದ್ದನ್ನು ಕೇಳಬೇಡಿ. ಕನ್ನಡದ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಿರಿ, ಅನುವಾದದ ಎಂಜಲು ಹಾಕಬೇಡಿ. ಕೊನೆಯ ಮಾತು ಎಲ್ಲಕ್ಕೂ ತಾಯಿ: ಮಾವಿನಕೆರೆಯ 80 ಮಕ್ಕಳಿಗೆ ಯಾವ ಶಾಲೆಯೋ, ಗಂಡಸಿ ಹೋಬಳಿಯ ಎಲ್ಲ ಮಕ್ಕಳಿಗೂ ಅಂಥ ಶಾಲೆ ಬರಲಿ. ಅವತ್ತು ಪರೀಕ್ಷೆಯೂ ಬೇಡ, ಫ್ಲೆಕ್ಸೂ ಬೇಡ, ನನ್ನಂಥವನ ಟ್ಯೂಷನ್ನೂ ಬೇಡ.

ಕೆಲಸ ಬಿಟ್ಟ ಮೇಲೆ ಒಂದು ಭಾನುವಾರ ಆ ಕಾಯಿ ಸುಲಿಯುವ ಅಣ್ಣನನ್ನು ಹುಡುಕಿಕೊಂಡು ತೋಟಕ್ಕೆ ಹೋದೆ. ನಿಜ ಹೇಳಿದೆ. ಆತ ಸುಲಿಯೋದು ನಿಲ್ಲಿಸಲಿಲ್ಲ. ಎರಡು ಕಾಯಿ ಸುಲಿದು ಆಮೇಲೆ ಕೇಳಿದ: "ಹಂಗಾದ್ರೆ ನಿಮ್ಗೆ ಗೊತ್ತಿತ್ತು?"

ನಾಲ್ಕೂವರೆ ಸಾವಿರ ತಿಂಗಳಿಗೆ ಐನೂರರಂತೆ ಕೊಟ್ಟು ತೀರಿಸ್ತಾ ಇದೀನಿ. ಆ ಪ್ರಶ್ನೆಗೆ ಕಂತು ಇಲ್ಲ. ಸಂಜೆ ಸಂಜೆ ಪಾಠ ಹೇಳುವ ಗೆಳೆಯರೇ, ನಿಮ್ಮೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಮಗೂ ಒಬ್ಬ ಅಪ್ಪ ಸಿಗ್ತಾನೆ. ಅವನಿಗೆ ನಿಜ ಹೇಳಕ್ಕೆ ಇವತ್ತೇ ನಾಲಿಗೆ ತಯಾರು ಮಾಡಿಕೊಳ್ಳಿ.

ಜೈ ಭೀಮ್.